ವಿಜ್ಞಾನ ಶವಪರೀಕ್ಷೆಗಷ್ಟೇ ಸಾಕೇ?

ರಣಹದ್ದುಗಳು ಅಳಿದದ್ದರಿಂದ ಭಾರತದಲ್ಲಿ 2000ದಿಂದ 2005ರವರೆಗೆ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು. ಇದು ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ‘ಅಮೆರಿಕನ್ ಇಕನಾಮಿಕ್ ರಿವ್ಯೂ’ ನಿಯತಕಾಲಿಕದಲ್ಲಿ ಮುಂದಿಟ್ಟ ಲೆಕ್ಕ. ಹದ್ದಿಗೂ ಮನುಷ್ಯನ ಆಯುಸ್ಸಿಗೂ ಏನು ನಂಟು ಎಂದು ಕೇಳುವವರಿಗೆ ಉತ್ತರ ನಮ್ಮ ಊರುಗಳ ಹೊರವಲಯದಲ್ಲೇ ಸಿಗುತ್ತದೆ. ಸತ್ತ ದನವನ್ನು ಊರಾಚೆ ಎಳೆದುಹಾಕಿದರೆ ರಣಹದ್ದುಗಳ ಹಿಂಡು ಒಂದು ಗಂಟೆಯೊಳಗೆ ಮೂಳೆಯಷ್ಟನ್ನೇ ಉಳಿಸಿ ಹಾರಿಹೋಗುತ್ತಿತ್ತು. ಅವು ಇಲ್ಲವಾದಾಗ ಅದೇ ಮಾಂಸ ದಿನಗಟ್ಟಲೆ ಕೊಳೆಯಿತು, ಹಳ್ಳ–ಕೆರೆಯ ನೀರು ಸೇರಿತು, ಬೀದಿನಾಯಿ ಮತ್ತು ಇಲಿಗಳ ಸಂತತಿಯನ್ನು ಸಾಕಿತು. ರಣಹದ್ದುಗಳ ನೆಲೆಯಾಗಿದ್ದ ಜಿಲ್ಲೆಗಳನ್ನೂ ಅವು ಮೊದಲಿನಿಂದಲೂ ವಿರಳವಾಗಿದ್ದ ಜಿಲ್ಲೆಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. ಮೊದಲ ಗುಂಪಿನಲ್ಲಿ ಮರಣ ಪ್ರಮಾಣ ಶೇ 4ಕ್ಕೂ ಹೆಚ್ಚು ಏರಿತ್ತು. ಈ ಅಧ್ಯಯನ ಬರುವ ಹೊತ್ತಿಗೆ ಹದ್ದುಗಳನ್ನು ಕೊಂದದ್ದು ಯಾವುದೆಂದು ಗೊತ್ತಾಗಿ 20 ವರ್ಷ ಕಳೆದಿತ್ತು. ನಮ್ಮ ಪರಿಸರ ನೀತಿಯ ಮೂಲ ದೋಷ ಇಲ್ಲಿ ಕಾಣುತ್ತದೆ. ಅದು ವಿಜ್ಞಾನಿಯನ್ನು ಶವಪರೀಕ್ಷೆಗೆ ಕರೆಯುತ್ತದೆ. ಪರವಾನಗಿಗೆ ಸಹಿ ಬೀಳುವ ಕೋಣೆಯಲ್ಲಿ ಅವನಿಗೆ ಕುರ್ಚಿ ಇರುವುದಿಲ್ಲ.

ರಣಹದ್ದಿನ ಕಥೆಯನ್ನು ಸಾಮಾನ್ಯವಾಗಿ ವಿಜ್ಞಾನದ ಗೆಲುವೆಂದು ಹೇಳುವುದುಂಟು. ಆ ಮಾತಿನಲ್ಲಿ ಸತ್ಯವಿದೆ. ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ 1980ರ ದಶಕದಲ್ಲಿ ರಣಹದ್ದುಗಳನ್ನು ಎಣಿಸಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್, 1990ರ ದಶಕದ ಕೊನೆಯಲ್ಲಿ ಮತ್ತೆ ಎಣಿಸಿದಾಗ ಹಕ್ಕಿಗಳ ಸಂಖ್ಯೆ ಶೇ 90ಕ್ಕೂ ಹೆಚ್ಚು ಕುಸಿದಿತ್ತು. ಉಳಿದವು ಕತ್ತು ಇಳಿಬಿಟ್ಟು ಕೊಂಬೆಗಳ ಮೇಲೆ ತೂಕಡಿಸುತ್ತಿದ್ದವು. ಮೊದಲು ಎಲ್ಲರ ಅನುಮಾನ ಯಾವುದೋ ಸೋಂಕಿನ ಮೇಲೆ ಹೋಯಿತು. ವೈರಾಣುವಿನ ಹುಡುಕಾಟದಲ್ಲಿ ವರ್ಷಗಳು ಸರಿದವು. ಕೊನೆಗೆ ಉತ್ತರ ಕೊಟ್ಟದ್ದು ಪಶುವೈದ್ಯ ರೋಗಶಾಸ್ತ್ರ ಮತ್ತು ರಸಾಯನಶಾಸ್ತ್ರ. ಸತ್ತ ಹಕ್ಕಿಗಳ ಒಳಾಂಗಗಳಿಗೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಬಿಳಿ ಹರಳುಗಳು ಅಂಟಿಕೊಂಡಿದ್ದವು. ಮೂತ್ರಪಿಂಡ ಕೈಕೊಟ್ಟಿತ್ತು. ಲಿಂಡ್ಸೆ ಓಕ್ಸ್ ನೇತೃತ್ವದ ತಂಡ ಪಾಕಿಸ್ತಾನದ ಪಂಜಾಬಿನಲ್ಲಿ ಕೆಲಸ ಮಾಡಿ 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಮೂತ್ರಪಿಂಡ ವೈಫಲ್ಯದಿಂದ ಸತ್ತು ಪರೀಕ್ಷೆಗೊಳಗಾದ 25 ಹಕ್ಕಿಗಳಲ್ಲಿ 25ರಲ್ಲೂ ಡೈಕ್ಲೊಫೆನಾಕ್ ಇತ್ತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ಜ್ವರಕ್ಕೆ, ಕುಂಟಿಗೆ, ಕೆಚ್ಚಲು ಬಾವಿಗೆ ದನಗಳಿಗೆ ಕೊಡುತ್ತಿದ್ದ ಅಗ್ಗದ ನೋವು ನಿವಾರಕ ಚುಚ್ಚುಮದ್ದು ಅದು. ಮನುಷ್ಯರೂ ಬೆನ್ನುನೋವಿಗೆ ನುಂಗುವ ಔಷಧ.

ಇಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಅರ್ಧವಾಗುತ್ತಿತ್ತು. ದೇಶದ ಎಲ್ಲ ದನಗಳಿಗೂ ಈ ಮದ್ದು ಕೊಡುತ್ತಿರಲಿಲ್ಲವಲ್ಲ, ಹಾಗಿದ್ದ ಮೇಲೆ ಹದ್ದುಗಳೆಲ್ಲ ಸಾಯುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಗಣಿತ ಉತ್ತರಿಸಿತು. ಒಂದೇ ಕಳೇಬರಕ್ಕೆ ಹತ್ತಾರು ಹದ್ದುಗಳು ಮುತ್ತುವುದರಿಂದ 760 ಕಳೇಬರಗಳಲ್ಲಿ 1ರಿಂದ ಹಿಡಿದು 130ರಲ್ಲಿ 1ರವರೆಗೆ ವಿಷ ಬೆರೆತಿದ್ದರೂ ಇಡೀ ಸಂತತಿ ನಾಶವಾಗಲು ಸಾಕು ಎಂದು ಮಾದರಿಗಳು ತೋರಿಸಿದವು. ಭಾರತದಲ್ಲಿ ಪರೀಕ್ಷಿಸಿದ ದನಗಳ ಕಳೇಬರಗಳಲ್ಲಿ ಸುಮಾರು 10ಕ್ಕೆ 1ರಲ್ಲಿ ಡೈಕ್ಲೊಫೆನಾಕ್ ಪತ್ತೆಯಾಯಿತು. 1992ರಿಂದ 2007ರ ನಡುವೆ ಬಿಳಿ ಬೆನ್ನಿನ ರಣಹದ್ದುಗಳು ಶೇ 99.9ರಷ್ಟು, ಉದ್ದ ಕೊಕ್ಕಿನವು ಶೇ 97ರ ಹತ್ತಿರದಷ್ಟು ಕುಸಿದದ್ದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಪಕ್ಷಿ ಎಣಿಸುವವರು, ಶವ ಕೊಯ್ದು ನೋಡುವವರು, ಅಂಗಾಂಶದಲ್ಲಿ ಮದ್ದು ಹುಡುಕುವವರು, ಅಂಕಿಗಳಲ್ಲಿ ಆಡುವವರು, ಆಮೇಲೆ ಅರ್ಥಶಾಸ್ತ್ರಜ್ಞರು ಒಬ್ಬೊಬ್ಬರೂ ಒಂದೊಂದು ತುಂಡು ತಂದಿಟ್ಟರು. ಪೂರ್ತಿ ಚಿತ್ರ ಯಾವ ಒಂದು ವಿಷಯದ ವಿಭಾಗದಲ್ಲೂ ಇರಲಿಲ್ಲ. ಎಲ್ಲಕ್ಕೂ ಅಡಿಪಾಯವಾದದ್ದು, ಯಾವ ಆತಂಕವೂ ಇಲ್ಲದ ಕಾಲದಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಹಕ್ಕಿಯನ್ನು ಕೂತು ಎಣಿಸಿಟ್ಟಿದ್ದ ಹಳೆಯ ದಾಖಲೆ. ಅದಿಲ್ಲದಿದ್ದರೆ ‘ಮೊದಲು ಬಹಳ ಇದ್ದವು’ ಎಂಬ ಹಿರಿಯರ ಮಾತಷ್ಟೇ ನಮ್ಮ ಪುರಾವೆಯಾಗಿರುತ್ತಿತ್ತು.

ಸರ್ಕಾರವೂ ಆಗ ತಡಮಾಡಲಿಲ್ಲ. 2006ರಲ್ಲೇ ಪಶುಗಳಿಗೆ ಡೈಕ್ಲೊಫೆನಾಕ್ ತಯಾರಿಸುವುದನ್ನು ನಿಲ್ಲಿಸುವ ಆದೇಶ ಹೊರಟಿತು. ಕಾರಣ ತಿಳಿದ ಎರಡೇ ವರ್ಷದಲ್ಲಿ ಒಂದು ಜನಪ್ರಿಯ ಔಷಧವನ್ನು ಹಿಂದಕ್ಕೆ ಪಡೆಯುವುದು ಯಾವ ದೇಶಕ್ಕೂ ಸಣ್ಣ ಸಾಧನೆಯಲ್ಲ. ಅದು ಸಾಧ್ಯವಾದದ್ದಕ್ಕೂ ಸಂಶೋಧನೆಯೇ ಕಾರಣ. ಮೆಲಾಕ್ಸಿಕ್ಯಾಮ್ ಎಂಬ ಇನ್ನೊಂದು ನೋವು ನಿವಾರಕ ದನಕ್ಕೂ ಒಗ್ಗುತ್ತದೆ, ಹದ್ದಿಗೂ ಅಪಾಯ ಮಾಡುವುದಿಲ್ಲ ಎಂಬುದು ಅದೇ 2006ರಲ್ಲಿ ಖಚಿತವಾಯಿತು. ‘ಇದನ್ನು ಬಿಡಿ’ ಎನ್ನುವಾಗಲೇ ‘ಇದನ್ನು ಹಿಡಿಯಿರಿ’ ಎನ್ನಲು ಒಂದು ವಸ್ತು ಕೈಯಲ್ಲಿತ್ತು. ನಿಷೇಧದಿಂದ ಫಲವೂ ಬಂತು. ಕಳೇಬರಗಳಲ್ಲಿ ಡೈಕ್ಲೊಫೆನಾಕ್ ಪ್ರಮಾಣ ಇಳಿಯಿತು, ಹದ್ದುಗಳ ಕುಸಿತದ ವೇಗ ತಗ್ಗಿತು.

ಆದರೆ ನಿಷೇಧದ ನಂತರದ ಅಧ್ಯಾಯವನ್ನು ಓದಿದರೆ ಗೆಲುವಿನ ಮಾತು ಗಂಟಲಲ್ಲೇ ನಿಲ್ಲುತ್ತದೆ. ಪಶುಗಳಿಗೆಂದು ತಯಾರಾಗುವ ಸೀಸೆ ನಿಂತರೂ ಮನುಷ್ಯರಿಗೆಂದು ತಯಾರಾಗುವ 30 ಮಿಲಿಲೀಟರ್ ಸೀಸೆ ಅಂಗಡಿಯಲ್ಲೇ ಇತ್ತು. ಮನುಷ್ಯನಿಗೆ ಒಂದು ಸಲಕ್ಕೆ ಬೇಕಾಗುವುದು 3 ಮಿಲಿಲೀಟರ್. ಹತ್ತು ಪಟ್ಟಿನ ಆ ಸೀಸೆ ಯಾರಿಗಾಗಿ ಇತ್ತೆಂಬುದು ಗುಟ್ಟೇನಲ್ಲ. 11 ರಾಜ್ಯಗಳ 250ಕ್ಕೂ ಹೆಚ್ಚು ಔಷಧ ಅಂಗಡಿಗಳಲ್ಲಿ ಗಿರಾಕಿಗಳಂತೆ ಹೋಗಿ ಕೇಳಿದ ಸಂಶೋಧಕರಿಗೆ ಶೇ 36ರಷ್ಟು ಕಡೆ ದನಕ್ಕೆ ಡೈಕ್ಲೊಫೆನಾಕನ್ನೇ ಕೊಡಲು ಮುಂದಾದರು. ದೊಡ್ಡ ಸೀಸೆಗೆ ತಡೆ ಬಿದ್ದದ್ದು 2015ರಲ್ಲಿ. ಅದನ್ನು ಪ್ರಶ್ನಿಸಿ ಕಂಪನಿಗಳು ಮದ್ರಾಸ್ ಹೈಕೋರ್ಟಿಗೆ ಹೋದವು; 2017ರಲ್ಲಿ ನ್ಯಾಯಾಲಯ ಸರ್ಕಾರದ ನಿರ್ಧಾರವನ್ನು ಎತ್ತಿಹಿಡಿಯಿತು. ಇದು ಒಂದು ಮದ್ದಿನ ಪಾಡು. ಡೈಕ್ಲೊಫೆನಾಕ್ ಖಾಲಿ ಮಾಡಿದ ಜಾಗಕ್ಕೆ ಅದರ ದಾಯಾದಿಗಳು ಬಂದು ಕೂತವು. ಕೀಟೊಪ್ರೊಫೆನ್ ಹದ್ದುಗಳನ್ನು ಕೊಲ್ಲುತ್ತದೆ ಎಂದು 2009ರ ಕೊನೆಗೇ ಪ್ರಕಟವಾಗಿತ್ತು. ಅಸಿಕ್ಲೊಫೆನಾಕ್ ದನದ ದೇಹ ಹೊಕ್ಕ ಮೇಲೆ ಡೈಕ್ಲೊಫೆನಾಕ್ ಆಗಿಯೇ ಬದಲಾಗುತ್ತದೆ ಎಂದು 2016ರಲ್ಲಿ ಸಾಬೀತಾಯಿತು. ಎಂದರೆ ನಿಷೇಧಿತ ವಿಷವೇ ಬೇರೆ ಹೆಸರಿನ ಚೀಟಿ ಅಂಟಿಸಿಕೊಂಡು ಮಾರಾಟವಾಗುತ್ತಿತ್ತು. ಈ ಎರಡನ್ನೂ ಪಶುಗಳಿಗೆ ಬಳಸದಂತೆ ಕೇಂದ್ರ ಸರ್ಕಾರ ನಿಷೇಧಿಸಿದ್ದು 2023ರ ಜುಲೈನಲ್ಲಿ. ನಿಮೆಸುಲೈಡ್‌ನ ಸರದಿ ಅದಾದ ಮೇಲೆ ಬಂತು. ಕೀಟೊಪ್ರೊಫೆನ್ ವಿಷಯದಲ್ಲಿ ಪುರಾವೆಗೂ ಆದೇಶಕ್ಕೂ ನಡುವೆ 13 ವರ್ಷಗಳ ಅಂತರ. ನೆರೆಯ ಬಾಂಗ್ಲಾದೇಶ ನಮಗಿಂತ ಎರಡು ವರ್ಷ ಮೊದಲೇ, 2021ರಲ್ಲಿ ಅದನ್ನು ದೇಶದಾದ್ಯಂತ ನಿಷೇಧಿಸಿತ್ತು.

ಈ ವಿಳಂಬವನ್ನು ಅಧಿಕಾರಿಗಳ ಆಲಸ್ಯಕ್ಕೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ದೋಷ ಇರುವುದು ನಿಯಮದ ರಚನೆಯಲ್ಲಿ. ಪಶು ಔಷಧಕ್ಕೆ ಪರವಾನಗಿ ಕೊಡುವಾಗ ಅದು ದನಕ್ಕೆ ಸುರಕ್ಷಿತವೇ, ಗುಣ ಕೊಡುತ್ತದೆಯೇ ಎಂದು ಕೇಳುತ್ತೇವೆ. ಆ ದನ ಸತ್ತರೆ ಅದನ್ನು ತಿನ್ನುವ ಜೀವಿಗೆ ಏನಾಗುತ್ತದೆ ಎಂದು ಕೇಳುವುದಿಲ್ಲ. ಡೈಕ್ಲೊಫೆನಾಕ್ ಮಾರುಕಟ್ಟೆಗೆ ಬರುವ ಮುನ್ನ ಯಾರೂ ಅದನ್ನು ಹದ್ದಿನ ಮೇಲೆ ಪರೀಕ್ಷಿಸಿರಲಿಲ್ಲ. ಪರೀಕ್ಷಿಸಬೇಕೆಂಬ ಕಾನೂನೂ ಇರಲಿಲ್ಲ. ಹಾಗಾಗಿ ಪುರಾವೆ ಒದಗಿಸುವ ಹೊರೆ ಕಂಪನಿಯ ತಲೆಯಿಂದ ಇಳಿದು ಪಕ್ಷಿತಜ್ಞನ ಹೆಗಲೇರಿತು. ಮಾರುವವನು ‘ಅಪಾಯವಿಲ್ಲ’ ಎಂದು ತೋರಿಸಬೇಕಿಲ್ಲ, ಕಾಯುವವನು ‘ಅಪಾಯವಿದೆ’ ಎಂದು ತೋರಿಸಬೇಕು. ಅದನ್ನೂ ಒಂದೊಂದು ಮದ್ದಿಗೆ ಬೇರೆಬೇರೆಯಾಗಿ, ಪ್ರತಿ ಸಲವೂ ಹೊಸದಾಗಿ, ಪ್ರತಿ ಸಲವೂ ಒಂದಷ್ಟು ಹಕ್ಕಿಗಳು ಸತ್ತ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದನ್ನು ನಾವು ಗಾದೆಯಲ್ಲಿ ಗೇಲಿ ಮಾಡುತ್ತೇವೆ, ಕಾನೂನಿನಲ್ಲಿ ಪಾಲಿಸುತ್ತೇವೆ. ಇದರ ಜೊತೆಗೆ ಆಡಳಿತದ ಗೋಡೆಗಳು ಬೇರೆ. ಹದ್ದು ಪರಿಸರ ಸಚಿವಾಲಯದ ಪಾಲು, ದನ ಪಶುಸಂಗೋಪನೆಯ ಪಾಲು, ಮದ್ದು ಆರೋಗ್ಯ ಸಚಿವಾಲಯದ ಪಾಲು. ವಿಜ್ಞಾನ ತನ್ನ ವಿಭಾಗಗಳ ಬೇಲಿ ದಾಟಿ ಸತ್ಯ ಕಂಡುಕೊಂಡಿತು. ಅದನ್ನು ಜಾರಿಗೆ ತರಬೇಕಾದ ಕಡತ ಮೂರು ಬೇಲಿಗಳ ನಡುವೆ ಸಿಕ್ಕಿಕೊಂಡಿತು.

ಪರಿಹಾರ ಯಾರಿಗೂ ಹೊಳೆಯದ ವಿಷಯವೇನಲ್ಲ. ಕೇಂದ್ರ ಪರಿಸರ ಸಚಿವಾಲಯದ 2020–25ರ ರಣಹದ್ದು ಸಂರಕ್ಷಣಾ ಕ್ರಿಯಾಯೋಜನೆಯೇ ಅದನ್ನು ಬರೆದಿಟ್ಟಿದೆ: ಹದ್ದುಗಳಿಗೆ ವಿಷವೆಂದು ತಿಳಿದ ಕೂಡಲೇ ಆ ಮದ್ದು ಪಶುಚಿಕಿತ್ಸೆಯಿಂದ ತಾನಾಗಿಯೇ ಹೊರಬೀಳುವ ವ್ಯವಸ್ಥೆಯನ್ನು ಔಷಧ ಮಹಾ ನಿಯಂತ್ರಕರು ರೂಪಿಸಬೇಕು. ಕ್ರಿಯಾಯೋಜನೆ ಶಿಫಾರಸು ಮಾಡಬಲ್ಲದು, ಪರವಾನಗಿ ತಡೆಯುವ ಅಧಿಕಾರ ಅದಕ್ಕಿಲ್ಲ. ಆದ್ದರಿಂದ ಈ ಮಾತು ಔಷಧ ಕಾನೂನಿನ ನಿಯಮವಾಗಿ ಬರಬೇಕು, ಜೊತೆಗೆ ಒಂದು ಹೆಜ್ಜೆ ಮುಂದಕ್ಕೂ ಹೋಗಬೇಕು. ದನಗಳಿಗೆ ಬಳಸುವ ಯಾವುದೇ ಹೊಸ ನೋವು ನಿವಾರಕ, ಹದ್ದುಗಳಿಗೆ ಸುರಕ್ಷಿತ ಎಂದು ತೋರಿಸಿದ ಮೇಲೆಯೇ ಮಾರುಕಟ್ಟೆಗೆ ಬರಬೇಕು. ಈಗಾಗಲೇ ಬಳಕೆಯಲ್ಲಿರುವ ಪರೀಕ್ಷಿಸದ ಮದ್ದುಗಳಿಗೂ ಒಂದು ಗಡುವು ಇರಬೇಕು. ಪರೀಕ್ಷೆಯ ಖರ್ಚನ್ನು ಲಾಭ ಪಡೆಯುವ ಕಂಪನಿ ಭರಿಸಬೇಕು. ಪರೀಕ್ಷೆಯನ್ನು ಮಾತ್ರ ಕಂಪನಿಯ ಹಂಗಿಲ್ಲದ ಸಂಸ್ಥೆ ನಡೆಸಿ ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ರೈತರ ಪರವಾದದ್ದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಹಸು ಜ್ವರದಿಂದ ಮೇವು ಬಿಟ್ಟರೆ ಆ ದಿನದ ಹಾಲಿನ ಹಣ ಹೋಗುತ್ತದೆ. ಎತ್ತು ಕುಂಟಿದರೆ ಬಿತ್ತನೆ ಹದ ತಪ್ಪುತ್ತದೆ. ಹದ್ದಿನ ನೆಪದಲ್ಲಿ ಬಡವನ ಕೈಯಿಂದ ಅಗ್ಗದ ಮದ್ದು ಕಿತ್ತುಕೊಳ್ಳುವುದು ನ್ಯಾಯವಲ್ಲ. ಆದರೆ ಇಲ್ಲಿ ಆಯ್ಕೆ ಹಸುವೋ ಹದ್ದೋ ಎಂಬುದಾಗಿಲ್ಲ. ಮೆಲಾಕ್ಸಿಕ್ಯಾಮ್ ಸುಲಭವಾಗಿ ಸಿಗುತ್ತದೆ. ಟಾಲ್ಫೆನಾಮಿಕ್ ಆಮ್ಲವೂ ಹದ್ದುಗಳಿಗೆ ಸುರಕ್ಷಿತ ಎಂದು ನಂತರದ ಪರೀಕ್ಷೆಗಳು ತೋರಿಸಿವೆ. ಪಶು ಆಸ್ಪತ್ರೆಗಳಿಗೆ ಸರ್ಕಾರವೇ ಔಷಧ ಕೊಳ್ಳುವಾಗ ಈ ಎರಡಕ್ಕೆ ಆದ್ಯತೆ ಕೊಟ್ಟರೆ ರೈತನಿಗೆ ನಷ್ಟವಾಗುವ ಪ್ರಶ್ನೆಯೇ ಬರದು. ಇನ್ನೊಂದು ಬದಿಯ ಲೆಕ್ಕವನ್ನೂ ನೋಡಬೇಕು. ಹುಚ್ಚುನಾಯಿ ಕಡಿತಕ್ಕೆ ಮೊದಲು ಸಿಗುವುದು ಹಳ್ಳಿಯ ಮಕ್ಕಳು, ಕೊಳೆತ ನೀರು ಕುಡಿಯುವುದು ಊರ ಹೊರಗಿನ ಕೇರಿ. ಹದ್ದು ಮಾಡುತ್ತಿದ್ದ ಪುಕ್ಕಟೆ ಕೆಲಸ ನಿಂತಾಗ ಅದರ ಬೆಲೆ ತೆತ್ತವರಲ್ಲಿ ರೈತನ ಮನೆಯವರೂ ಇದ್ದರು.

ಎರಡನೆಯ ಆಕ್ಷೇಪ ಅಂಕಿಗಳ ಬಗ್ಗೆ. 5 ಲಕ್ಷ ಸಾವು ಎಂಬುದು ಎಣಿಸಿದ ಹೆಣಗಳ ಲೆಕ್ಕವಲ್ಲ, ಜಿಲ್ಲೆಗಳ ಹೋಲಿಕೆಯಿಂದ ಬಂದ ಅಂದಾಜು ಎನ್ನುವುದು ನಿಜ. ಅದೇ ಕಾಲದಲ್ಲಿ ದೇಶದಲ್ಲಿ ಬೇರೆ ಎಷ್ಟೋ ಬದಲಾವಣೆಗಳೂ ಆದವು. 2008ರಲ್ಲಿ ಬಂದ ಇನ್ನೊಂದು ಅಧ್ಯಯನ, ಬೀದಿನಾಯಿಗಳು ಹೆಚ್ಚಿದ್ದರಿಂದ ರೇಬೀಸ್‌ಗೆ ತುತ್ತಾದವರನ್ನಷ್ಟೇ ಲೆಕ್ಕಕ್ಕೆ ಹಿಡಿದು ಸುಮಾರು 48 ಸಾವಿರ ಹೆಚ್ಚುವರಿ ಸಾವುಗಳೆಂದಿತ್ತು. ಎರಡೂ ಅಧ್ಯಯನಗಳು ಬೇರೆಬೇರೆ ವಸ್ತುವನ್ನು, ಬೇರೆ ಅವಧಿಯಲ್ಲಿ ಅಳೆದಿವೆ. ವಿಜ್ಞಾನದಲ್ಲಿ ಇಂಥ ತಕರಾರು ಇರಬೇಕಾದದ್ದೇ. ಆದರೆ ನೀತಿ ರೂಪಿಸುವವರು ಕೇಳಬೇಕಾದ ಪ್ರಶ್ನೆ ಬೇರೆ: ಎರಡರಲ್ಲಿ ಸಣ್ಣ ಅಂಕಿಯನ್ನೇ ಒಪ್ಪಿಕೊಂಡರೂ ಒಂದು ಪರೀಕ್ಷೆಯ ಖರ್ಚಿನೆದುರು ಅದು ಕಡಿಮೆಯೇ? 48 ಸಾವಿರ ಜೀವಗಳಿಗೆ ಸಾಟಿಯಾಗುವಷ್ಟು ದುಬಾರಿ ಪರೀಕ್ಷೆ ಜಗತ್ತಿನ ಯಾವ ಪ್ರಯೋಗಾಲಯದಲ್ಲೂ ನಡೆಯುವುದಿಲ್ಲ. ಮೆಲಾಕ್ಸಿಕ್ಯಾಮನ್ನು ಪರೀಕ್ಷಿಸಿದ ರೀತಿಯೇ ಇದಕ್ಕೆ ಮೇಲ್ಪಂಕ್ತಿ. ಮೊದಲು ಮೃಗಾಲಯಗಳಲ್ಲಿ ಅದನ್ನು ಪಡೆದಿದ್ದ ಹಕ್ಕಿಗಳ ದಾಖಲೆ ನೋಡಿದರು, ಆಮೇಲೆ ಆಫ್ರಿಕದ ಸೋದರ ಜಾತಿಯ ಮೇಲೆ ಅಲ್ಪ ಪ್ರಮಾಣದಿಂದ ಶುರುಮಾಡಿದರು, ಕೊನೆಗೆ ನಮ್ಮ ಜಾತಿಗಳಿಗೆ ಬಂದರು. ಹೀಗೆ ಹೆಜ್ಜೆಹೆಜ್ಜೆಯಾಗಿ ನಡೆದದ್ದರಿಂದ ಅಳಿವಿನಂಚಿನ ಹಕ್ಕಿಗಳನ್ನು ಬಲಿಕೊಡದೆಯೇ ಉತ್ತರ ಸಿಕ್ಕಿತು.

ಮೂರನೆಯವರು ಹೇಳುವುದು: ಮದ್ದನ್ನೇಕೆ ದೂರುತ್ತೀರಿ, ಕಳೇಬರಗಳನ್ನು ಹೂಳಿದರಾಯಿತಲ್ಲ? 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ದನ–ಎಮ್ಮೆಗಳೇ 30 ಕೋಟಿಯಷ್ಟಿವೆ. ಸಾಯುವ ಪ್ರತಿಯೊಂದಕ್ಕೂ ಆಳದ ಗುಂಡಿ ತೋಡಲು ಜಾಗ ಬೇಕು, ಯಂತ್ರ ಬೇಕು, ಕೂಲಿ ಬೇಕು. ಅವೆಲ್ಲ ಇರುವ ಕಡೆ ಹೂಳಲಿ. ಇಲ್ಲದ ಕಡೆ ಹದ್ದಿನಷ್ಟು ಅಗ್ಗದ, ಚುರುಕಾದ ಪೌರಕಾರ್ಮಿಕ ಬೇರೊಬ್ಬನಿಲ್ಲ. ಇನ್ನು, ಜಾಗ್ರತೆಯಿಂದ ಬಳಸಿದರೆ ಯಾವ ಮದ್ದೂ ಅಪಾಯವಲ್ಲ ಎಂಬ ವಾದಕ್ಕೆ ಸ್ಪೇನ್ ಉತ್ತರ ಕೊಟ್ಟಿದೆ. ಏಷ್ಯಾದ ಅನುಭವ ಕಣ್ಣೆದುರಿದ್ದರೂ ಆ ದೇಶ 2013ರಲ್ಲಿ ಪಶುಗಳಿಗೆ ಡೈಕ್ಲೊಫೆನಾಕ್ ಅನುಮತಿಸಿತು. ನಮ್ಮಲ್ಲಿ ಕಳೇಬರ ವಿಲೇವಾರಿ ಬಿಗಿಯಾಗಿದೆ, ಇಲ್ಲಿ ಹಾಗಾಗದು ಎಂಬುದು ಸಮರ್ಥನೆಯಾಗಿತ್ತು. ಡೈಕ್ಲೊಫೆನಾಕ್‌ನಿಂದ ಸತ್ತ ರಣಹದ್ದು ಅಲ್ಲೂ ಸಿಕ್ಕಿದ್ದು 2021ರಲ್ಲಿ ವರದಿಯಾಯಿತು. ಅಷ್ಟು ಶಿಸ್ತಿನ ವ್ಯವಸ್ಥೆಯಲ್ಲೇ ವಿಷ ಸೋರಿತು ಎಂದಾದರೆ ನಮ್ಮ ಊರಾಚೆಯ ಬಯಲಿನಲ್ಲಿ ಅದು ಸೋರದೇ ಇದ್ದೀತೆ?

ಕರ್ನಾಟಕ ಈ ಕಥೆಯ ಹೊರಗಿಲ್ಲ. ಉದ್ದ ಕೊಕ್ಕಿನ ರಣಹದ್ದುಗಳು ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುವ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ದೇಶದಲ್ಲೇ ಇಂಥದ್ದು ಮೊದಲನೆಯದು. ಆದರೆ ಧಾಮದ ಗಡಿಕಲ್ಲು ಹದ್ದಿಗೆ ಕಾಣುವುದಿಲ್ಲ. ಅದು ದಿನವೊಂದಕ್ಕೆ ಹತ್ತಾರು ಕಿಲೊಮೀಟರ್ ಹಾರಿ ಸುತ್ತಲಿನ ಊರುಗಳ ಮೇಲೆ ಕಣ್ಣಾಡಿಸುತ್ತದೆ. ಬೆಟ್ಟ ಕಾದರೂ ಊಟದ ತಟ್ಟೆ ಕಾಯದಿದ್ದರೆ ಹದ್ದು ಉಳಿಯದು. ಬಂಡೀಪುರ, ನಾಗರಹೊಳೆಯ ಕಡೆ ಹದ್ದುಗಳು ಇನ್ನೂ ಕಾಣುತ್ತವೆ ಎಂದರೆ ಅಲ್ಲಿ ಕಾಡುಪ್ರಾಣಿಗಳ ಮದ್ದಿಲ್ಲದ ಮಾಂಸ ಸಿಗುತ್ತದೆ ಎಂಬುದನ್ನು ಮರೆಯಬಾರದು. ಔಷಧ ನಿಷೇಧಿಸುವ ಅಧಿಕಾರ ದೆಹಲಿಯದಾದರೂ ಅಂಗಡಿ ತಪಾಸಣೆ ರಾಜ್ಯದ ಕೆಲಸ. ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಪಶು ಔಷಧ ಅಂಗಡಿಗಳಲ್ಲಿ ಏನು ಮಾರಾಟವಾಗುತ್ತಿದೆ, ಊರಾಚೆ ಬಿದ್ದ ಕಳೇಬರಗಳಲ್ಲಿ ಏನಿದೆ ಎಂಬುದನ್ನು ಪ್ರತಿವರ್ಷ ಪರೀಕ್ಷಿಸಿ ಪ್ರಕಟಿಸುವುದು ರಾಜ್ಯಕ್ಕೆ ಅಸಾಧ್ಯವೇನಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಅರಣ್ಯ ಇಲಾಖೆ ಮತ್ತು ಔಷಧ ನಿಯಂತ್ರಣ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕೂತರೆ ಸಾಕು. ಪತ್ರಿಕೆಯಲ್ಲಿ ಫೋಟೊ ಬರುವಂಥ ಕೆಲಸ ಇದಲ್ಲ. 1980ರ ದಶಕದಲ್ಲಿ ಭರತಪುರದಲ್ಲಿ ಕೂತು ಹದ್ದು ಎಣಿಸಿದ್ದೂ ಅಂಥ ಕೆಲಸವಾಗಿರಲಿಲ್ಲ.

ರಣಹದ್ದಿಗೆ ಪುರಾಣದಲ್ಲಿ ಜಟಾಯುವಿನ ಗೌರವ, ಊರಿನಲ್ಲಿ ಅಪಶಕುನದ ಹೆಸರು. ಎರಡೂ ಅದಕ್ಕೆ ಬೇಕಿಲ್ಲ. ಅದಕ್ಕೆ ಬೇಕಾದದ್ದು ವಿಷವಿಲ್ಲದ ಊಟ, ಆ ಊಟವನ್ನು ಖಾತ್ರಿಪಡಿಸುವ ಒಂದು ಸಾಲಿನ ನಿಯಮ. ನಿಯಮ ಬರೆಯಲು ಬೇಕಾದ ವಿಜ್ಞಾನವೆಲ್ಲ ಈಗಾಗಲೇ ಕೈಯಲ್ಲಿದೆ. ಮುಂದಿನ ಮದ್ದಿನ ವಿಷಯದಲ್ಲೂ ಸತ್ತ ಹಕ್ಕಿಗಳ ರಾಶಿ ಬೀಳಲಿ ಎಂದು ಕಾಯುತ್ತೇವೆ ಎನ್ನುವವರು ಒಂದು ಸಂಗತಿ ನೆನಪಿಡಬೇಕು. ರಣಹದ್ದು ಮರಿಮಾಡುವ ಪ್ರಾಯಕ್ಕೆ ಬರಲು ಸುಮಾರು 5 ವರ್ಷ ಬೇಕು. ಆಮೇಲೂ ಅದು ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ.